ಕರ್ತನ ಮೇಜಿನಲ್ಲಿ ಪಂಕ್ತಿಭೇದ

1857ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನಲ್ಲಿ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ ಒಂದು ನಿರ್ಣಯ ಮಾಡಿತು. ಎಲ್ಲ ಜನಾಂಗದವರೂ ಒಂದೇ ಸಭೆಯಲ್ಲಿ ಆರಾಧಿಸುವುದು ಸತ್ಯವೇದಕ್ಕೆ ಸಮ್ಮತ ಎಂದು ಮೊದಲು ಒಪ್ಪಿಕೊಂಡಿತು. ಆಮೇಲೆ, ‘ಕೆಲವರ ದೌರ್ಬಲ್ಯದ’ ನಿಮಿತ್ತ ಬಿಳಿಯರಲ್ಲದವರನ್ನು ಬೇರೆ ಕಟ್ಟಡದಲ್ಲಿ ಕೂರಿಸಬಹುದು ಎಂದಿತು. ದೌರ್ಬಲ್ಯವೆಂದರೆ ಇಷ್ಟೆ: ಖೋಯಿ ಜನರೂ ಗುಲಾಮಗಿರಿಯಿಂದ ಬಿಡುಗಡೆಯಾದವರೂ ತುಟಿ ತಾಗಿಸಿದ ದ್ರಾಕ್ಷಾರಸದ ಬಟ್ಟಲಿಗೆ ತಮ್ಮ ತುಟಿ ತಾಗಿಸಲು ಬಿಳಿಯರಲ್ಲಿ ಕೆಲವರಿಗೆ ಮನಸ್ಸಿರಲಿಲ್ಲ. ಕರ್ತನ ಭೋಜನದಲ್ಲಿ ಬಣ್ಣದ ಭೇದ ಕೂಡದು ಎಂದು 1829ರಲ್ಲಿ ಹೇಳಿದ್ದು ಇದೇ ಚರ್ಚು. ಕನ್ನಡದಲ್ಲಿ ಈ ರೋಗಕ್ಕೆ ಹಳೆಯ ಹೆಸರೊಂದಿದೆ: ಪಂಕ್ತಿಭೇದ.

ರಿಯಾಯಿತಿಯಾಗಿ ಬಂದದ್ದು ರೂಢಿಯಾಯಿತು, ರೂಢಿ ಕಟ್ಟಳೆಯಾಯಿತು. 1881ರಲ್ಲಿ ಮಿಶ್ರ ವರ್ಣದವರಿಗೆಂದೇ ಪ್ರತ್ಯೇಕ ಚರ್ಚು ಹುಟ್ಟಿತು. 1948ರಲ್ಲಿ ಅಧಿಕಾರಕ್ಕೆ ಬಂದು ವರ್ಣಭೇದ ನೀತಿಯನ್ನು ಕಾನೂನಾಗಿಸಲು ಹೊರಟ ಪ್ರಧಾನಿ ಡಿ. ಎಫ್. ಮಲಾನ್ ಹಿಂದೆ ಡಚ್ ರಿಫಾರ್ಮ್ಡ್ ಚರ್ಚಿನಲ್ಲೇ ಸಭಾಪಾಲಕರಾಗಿದ್ದವರು.

ಆಚರಣೆ ಮೊದಲು ಬಂತು, ಅದಕ್ಕೆ ಶಾಸ್ತ್ರಾಧಾರ ಆಮೇಲೆ ಬಂತು. ದಕ್ಷಿಣ ಆಫ್ರಿಕಾದ ಕ್ರೈಸ್ತ ಚಿಂತನೆಯನ್ನು ಅಳೆಯುವವರು ಈ ಕ್ರಮವನ್ನು ಮರೆಯಬಾರದು. ಆಫ್ರಿಕಾನ್ಸ್ ಭಾಷೆಗೆ ಸತ್ಯವೇದವನ್ನು ತಂದವರಲ್ಲಿ ಪ್ರಮುಖರಾದ ಕವಿ ಟೋಟಿಯಸ್, ಅಂದರೆ ಜೆ. ಡಿ. ಡು ಟಾಯ್ಟ್, 1944ರಲ್ಲಿ ಬ್ಲೂಮ್‌ಫಾಂಟೇನ್‌ನ ಸಮಾವೇಶದಲ್ಲಿ ಆದಿಕಾಂಡವನ್ನು ಹಿಡಿದು ವಾದಿಸಿದರು. ದೇವರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸಿದ, ನೀರನ್ನು ನೀರಿನಿಂದ ಬೇರ್ಪಡಿಸಿದ, ಬಾಬೆಲಿನಲ್ಲಿ ಜನಾಂಗಗಳನ್ನು ಚದುರಿಸಿದ. ಆತ ಬೇರೆ ಮಾಡಿದ್ದನ್ನು ಮನುಷ್ಯ ಕೂಡಿಸಬಾರದು ಎಂಬುದು ಅವರ ತರ್ಕ. 1974ರಲ್ಲಿ ಡಚ್ ರಿಫಾರ್ಮ್ಡ್ ಚರ್ಚು ಹೊರತಂದ ವರದಿಯೂ ಬಾಬೆಲಿನ ಕಥೆಯನ್ನು ಹಿಡಿಯಿತು, ಜೊತೆಗೆ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯವನ್ನೂ ತಂದಿತು. ದೇವರು ಜನಾಂಗಗಳಿಗೆ ಎಲ್ಲೆಗಳನ್ನು ಗೊತ್ತುಮಾಡಿದನೆಂಬ ಮಾತು ಅಲ್ಲಿದೆ, ನಿಜ. ಆದರೆ ಎಲ್ಲ ಜನಾಂಗಗಳೂ ಒಂದೇ ಮೂಲದಿಂದ ಬಂದವು ಎಂಬುದು ಅದೇ ವಚನದ ಮೊದಲರ್ಧ. ವಚನದ ಉತ್ತರಾರ್ಧದ ಮೇಲೆ ಒಂದು ದೇಶದ ವಸತಿ, ಮದುವೆ, ಶಾಲೆ, ಸ್ಮಶಾನಗಳೆಲ್ಲ ನಿಂತವು.

ಇದನ್ನು ಒಳಗಿನಿಂದಲೇ ಪ್ರಶ್ನಿಸಿದವರೂ ಇದ್ದರು. ಬಿ. ಬಿ. ಕೀಟ್, ಬೆನ್ ಮರಾಯಿಸ್‌ರಂಥ ವಿದ್ವಾಂಸರು 1950ರ ದಶಕದಲ್ಲೇ ಈ ಓದಿಗೆ ಆಧಾರವಿಲ್ಲ ಎಂದು ಬರೆದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದ ಮೇಲೆ, ಅದೇ ಡಿಸೆಂಬರಿನಲ್ಲಿ ಚರ್ಚುಗಳ ಪ್ರತಿನಿಧಿಗಳು ಜೊಹಾನ್ಸ್‌ಬರ್ಗ್‌ನ ಕಾಟೆಸ್ಲೋದಲ್ಲಿ ಕೂಡಿ ವರ್ಣಭೇದದ ಹಲವು ಕಟ್ಟಳೆಗಳನ್ನು ತಳ್ಳಿಹಾಕಿದರು. ಪ್ರಧಾನಿ ವರ್ವೂರ್ಡ್ ಕೋಪಗೊಂಡರು. ಡಚ್ ರಿಫಾರ್ಮ್ಡ್ ಮಹಾಸಭೆಗಳು ತಮ್ಮ ಪ್ರತಿನಿಧಿಗಳ ಮಾತಿನಿಂದಲೇ ಹಿಂದೆ ಸರಿದವು.

ಹಿಂದೆ ಸರಿಯದವರಲ್ಲಿ ಬೇಯರ್ಸ್ ನೌಡೆ ಒಬ್ಬರು. ಅವರ ತಂದೆ ಆಫ್ರಿಕಾನರ್ ಗಣ್ಯರ ರಹಸ್ಯ ಸಂಘವಾದ ಬ್ರೂಡರ್‌ಬಾಂಡ್‌ನ ಸ್ಥಾಪಕರಲ್ಲಿ ಒಬ್ಬರು. ಮಗನೂ ಅದರ ಸದಸ್ಯ. 1963ರಲ್ಲಿ ನೌಡೆ ಎಲ್ಲ ಜನಾಂಗದ ಕ್ರೈಸ್ತರನ್ನು ಒಂದುಗೂಡಿಸುವ ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಕಟ್ಟಲು ಹೊರಟಾಗ, ಸಭಾಪಾಲಕರ ಹುದ್ದೆ ಬೇಕೋ ಸಂಸ್ಥೆ ಬೇಕೋ ಎಂದು ಚರ್ಚು ಕೇಳಿತು. ಜೊಹಾನ್ಸ್‌ಬರ್ಗ್‌ನ ಬಿಳಿಯರ ಸಭೆಗೆ ಅವರು ವಿದಾಯದ ಪ್ರಸಂಗ ಮಾಡಿದರು. ಮನುಷ್ಯರಿಗಿಂತ ಹೆಚ್ಚಾಗಿ ದೇವರಿಗೆ ವಿಧೇಯನಾಗಬೇಕೆಂದು ಪೇತ್ರನು ನ್ಯಾಯಸಭೆಯ ಮುಂದೆ ಹೇಳಿದ ಮಾತೇ ಅಂದಿನ ವಚನ. 1977ರಲ್ಲಿ ಸರ್ಕಾರ ಸಂಸ್ಥೆಯನ್ನು ಮುಚ್ಚಿಸಿ ನೌಡೆಯವರ ಮೇಲೆ ನಿರ್ಬಂಧ ಹೇರಿತು. ಏಳು ವರ್ಷ ಅವರು ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಕೂತು ಮಾತಾಡುವಂತಿರಲಿಲ್ಲ. ಓದಿದ ವಚನಕ್ಕೆ ಅವರು ತೆತ್ತ ಬೆಲೆ ಅದು.

ಒಳಗಿನಿಂದ ಪ್ರಶ್ನಿಸುವ ಈ ಪರಂಪರೆ 1980ರ ದಶಕದಲ್ಲಿ ಗಟ್ಟಿ ದನಿ ಪಡೆಯಿತು. 1982ರಲ್ಲಿ ಒಟ್ಟಾವಾದಲ್ಲಿ ಕೂಡಿದ ರಿಫಾರ್ಮ್ಡ್ ಚರ್ಚುಗಳ ಜಾಗತಿಕ ಒಕ್ಕೂಟ ವರ್ಣಭೇದವನ್ನು ಸಮರ್ಥಿಸುವ ಬೋಧನೆಯೇ ಪಾಷಂಡವೆಂದು ಸಾರಿ, ದಕ್ಷಿಣ ಆಫ್ರಿಕಾದ ಎರಡು ಬಿಳಿಯ ಚರ್ಚುಗಳನ್ನು ಅಮಾನತಿನಲ್ಲಿಟ್ಟಿತು. ಮಿಶ್ರ ವರ್ಣದವರ ಚರ್ಚಿನ ಅಲನ್ ಬೋಸಾಕ್ ಒಕ್ಕೂಟದ ಅಧ್ಯಕ್ಷರಾದರು. ಅದೇ ವರ್ಷ ಬೋಸಾಕ್‌ರ ಚರ್ಚು ಕೇಪ್‌ಟೌನ್ ಬಳಿಯ ಬೆಲ್ಹಾರ್‌ನಲ್ಲಿ ವಿಶ್ವಾಸದ ಅರಿಕೆಯೊಂದನ್ನು ರಚಿಸಿತು. 1986ರಲ್ಲಿ ಅಂಗೀಕಾರವಾದ ಆ ಅರಿಕೆಗೆ ಐಕ್ಯ, ಸಮಾಧಾನ, ನ್ಯಾಯ ಎಂಬ ಮೂರು ಆಧಾರಗಳು.

1985ರ ಸೆಪ್ಟೆಂಬರಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಸೊವೆಟೋ ಸುತ್ತಮುತ್ತಲಿನ ಸಭಾಪಾಲಕರೂ ದೇವಶಾಸ್ತ್ರಜ್ಞರೂ ಸೇರಿ ‘ಕೈರೋಸ್’ ದಾಖಲೆಯನ್ನು ಹೊರತಂದರು. ಗ್ರೀಕಿನಲ್ಲಿ ಕೈರೋಸ್ ಎಂದರೆ ತಪ್ಪಿಸಿಕೊಳ್ಳಬಾರದ ಗಳಿಗೆ. ದಾಖಲೆ ಮೂರು ಬಗೆಯ ದೇವಶಾಸ್ತ್ರವನ್ನು ಬಿಡಿಸಿ ತೋರಿಸಿತು. ಮೊದಲನೆಯದು ಪ್ರಭುತ್ವದ್ದು: ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೋರಿಸಿ, ಅಧಿಕಾರಿಗಳಿಗೆ ಅಧೀನರಾಗಿರಿ ಎನ್ನುವುದು. ಎರಡನೆಯದು ಚರ್ಚಿನದು: ನ್ಯಾಯದ ಮಾತೆತ್ತದೆ ಸಮಾಧಾನ ಬೋಧಿಸುವುದು. ಮೂರನೆಯದು ಪ್ರವಾದಿಗಳದು. ಪೌಲನ 13ನೇ ಅಧ್ಯಾಯದ ಎದುರಿಗೆ ಪ್ರಕಟನೆಯ 13ನೇ ಅಧ್ಯಾಯವನ್ನು, ಸಮುದ್ರದಿಂದ ಏರಿಬರುವ ಮೃಗವಾಗಿ ಪ್ರಭುತ್ವವನ್ನು ಕಂಡ ಆ ಚಿತ್ರವನ್ನು ತಂದಿಟ್ಟದ್ದು ದಾಖಲೆಯ ದೊಡ್ಡ ಧೈರ್ಯ. ಯಾವ ವಚನ ಎನ್ನುವುದರ ಜೊತೆಗೆ ಅದನ್ನು ಯಾರು, ಯಾರ ಮೇಲೆ ಓದುತ್ತಿದ್ದಾರೆ ಎಂದೂ ಕೇಳಬೇಕೆಂದು ಅದು ಕಲಿಸಿತು.

ಈ ಕಥೆಯಲ್ಲಿ ಬೆಂಗಳೂರಿನ ಹೆಸರೂ ಇದೆ. ಇಲ್ಲಿನ ಕ್ರೈಸ್ತ ಧರ್ಮ–ಸಮಾಜ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ಥಾಮಸ್ 1968ರಲ್ಲಿ ಚರ್ಚುಗಳ ಜಾಗತಿಕ ಮಂಡಳಿಯ ಕೇಂದ್ರ ಸಮಿತಿಗೆ ಅಧ್ಯಕ್ಷರಾದರು. ಜನಾಂಗಭೇದದ ವಿರುದ್ಧ ಮಂಡಳಿ ಆರಂಭಿಸಿದ ಕಾರ್ಯಕ್ರಮ, ದಕ್ಷಿಣ ಆಫ್ರಿಕಾ ಭಾಗದ ವಿಮೋಚನಾ ಚಳವಳಿಗಳಿಗೆ 1970ರಲ್ಲಿ ಕೊಟ್ಟ ವಿವಾದಿತ ನೆರವು, ಎರಡೂ ಅವರ ಕಾಲದವು. ಭಾರತದ 1975ರ ತುರ್ತುಪರಿಸ್ಥಿತಿಯನ್ನೂ ಅವರು ಬಹಿರಂಗವಾಗಿ ವಿರೋಧಿಸಿದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಚಿಗುರಿತು. ಅಲ್ಲಿ ಬಣ್ಣ, ಇಲ್ಲಿ ಜಾತಿ; ಎರಡೂ ಕಡೆ ಚರ್ಚಿನೊಳಗಿನ ಆಸನಗಳ ಸಾಲಿನಿಂದಲೇ ಪ್ರಶ್ನೆ ಎದ್ದಿತು.

ಹಾಗೆಂದು ಪ್ರವಾದಿ ಪರಂಪರೆಯನ್ನು ಬರೀ ಕೊಂಡಾಡಿದರೆ ಅದಕ್ಕೇ ಅನ್ಯಾಯ. ಅತ್ಯಂತ ಹರಿತವಾದ ಟೀಕೆ ಅದರ ಮನೆಯೊಳಗಿನಿಂದಲೇ ಬಂತು. ದೇವಶಾಸ್ತ್ರಜ್ಞ ಇಟುಮೆಲೆಂಗ್ ಮೊಸಾಲಾ 1989ರ ತಮ್ಮ ಪುಸ್ತಕದಲ್ಲಿ ಬೋಸಾಕ್, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಇಬ್ಬರನ್ನೂ ತರಾಟೆಗೆ ತೆಗೆದುಕೊಂಡರು. ಸತ್ಯವೇದ ಇಡಿಯಾಗಿ ಬಡವರ ಪಕ್ಷದಲ್ಲಿದೆ, ಬಿಳಿಯರು ಅದನ್ನು ತಪ್ಪಾಗಿ ಓದಿದರು ಅಷ್ಟೆ ಎಂಬ ನಂಬಿಕೆ ಸಾಲದು. ಗ್ರಂಥದೊಳಗೇ ಅರಮನೆಯವರ ದನಿಯೂ ಹೊಲದವರ ದನಿಯೂ ಸೆಣಸುತ್ತಿವೆ ಎಂದರು. ಕಾಯಿನ, ಹೇಬೆಲರ ಕಥೆ ಅವರ ಉದಾಹರಣೆ. ತಮ್ಮನನ್ನು ಕೊಂದ ಕಾಯಿನನಲ್ಲಿ ಬೋಸಾಕ್ ದಬ್ಬಾಳಿಕೆ ಮಾಡುವವನನ್ನು ಕಂಡರು. ಮೊಸಾಲಾ ಕಂಡದ್ದು ಬೇಸಾಯಗಾರ ಕಾಯಿನನನ್ನು: ರೈತನಿಂದ ನೆಲ ಕಸಿದವರು ಅದನ್ನು ಸಮರ್ಥಿಸಿಕೊಳ್ಳಲು ಹೇಳಿದ ಕಥೆ ಇದೆಂದು. ಭೂಮಿ ಕಳೆದುಕೊಂಡ ಜನರ ದೇಶದಲ್ಲಿ ಇದು ತಲೆಹರಟೆಯ ಪಾಂಡಿತ್ಯವಲ್ಲ. ಮೊಸಾಲಾರ ಓದನ್ನು ಪೂರ್ತಿ ಒಪ್ಪದವರೂ ಅವರ ಪ್ರಶ್ನೆಯನ್ನು ದಾಟಿ ಹೋಗಲಾರರು.

ಇನ್ನೊಂದು ಕೊರತೆ ಮೇಲ್ನೋಟಕ್ಕೇ ಕಾಣುವಂಥದ್ದು. ಕೈರೋಸ್ ದಾಖಲೆಯಲ್ಲಿ ದಬ್ಬಾಳಿಕೆಯ ವಿಶ್ಲೇಷಣೆಯಿದೆ, ಆದರೆ ಹೆಣ್ಣಿನ ಪಾಡು ಇಲ್ಲ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ, ವರ್ಣಭೇದದ ಆಡಳಿತ ಕೊನೆಗೊಂಡ 1994ರ ನಂತರ ಬಂತು. ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮಾಧಾನ ಆಯೋಗ 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ನಗರದಲ್ಲಿ ಪ್ರಾರ್ಥನೆಯೊಂದಿಗೆ ವಿಚಾರಣೆ ಆರಂಭಿಸಿತು. 21,000ಕ್ಕೂ ಹೆಚ್ಚು ಸಂತ್ರಸ್ತರ ಹೇಳಿಕೆಗಳು ದಾಖಲಾದವು. ಗಂಡನನ್ನು, ಮಗನನ್ನು ಕಳೆದುಕೊಂಡವರ ಮಾತನ್ನು ಒಂದು ರಾಷ್ಟ್ರವೇ ಕೂತು ಆಲಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಸತ್ಯ ಹೇಳಿದವರಿಗೆ ಕ್ಷಮಾದಾನ ಬೇಗ ಸಿಕ್ಕಿತು, ನೊಂದವರಿಗೆ ಪರಿಹಾರ ತಡವಾಯಿತು; 2003ರಲ್ಲಿ ಪ್ರಕಟವಾದದ್ದು ಒಮ್ಮೆಗೆ ಮಾತ್ರ ಕೊಡುವ 30,000 ರ‍್ಯಾಂಡ್. ಪೊಲೀಸರ ವಶದಲ್ಲಿದ್ದಾಗ ಸತ್ತ ಹೋರಾಟಗಾರ ಸ್ಟೀವ್ ಬೀಕೋ ಅವರ ಕುಟುಂಬ ಕ್ಷಮಾದಾನದ ವಿರುದ್ಧ ಸಂವಿಧಾನ ನ್ಯಾಯಾಲಯಕ್ಕೆ ಹೋಗಿ ಸೋತಿತು. ನ್ಯಾಯವಿಲ್ಲದ ಸಮಾಧಾನ ಸುಳ್ಳು ಎಂದು ಕೈರೋಸ್ ಎಚ್ಚರಿಸಿದ್ದು ಇದನ್ನೇ.

2006ರ ಆಗಸ್ಟ್‌ನಲ್ಲಿ ಪ್ರಿಟೋರಿಯಾದ ಸರ್ಕಾರಿ ಕಚೇರಿಯೊಂದರಲ್ಲಿ ನಡೆದ ಘಟನೆ ಈ ಸಂದಿಗ್ಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ವರ್ಣಭೇದ ಕಾಲದ ಪೊಲೀಸ್ ಸಚಿವ ಏಡ್ರಿಯಾನ್ ವ್ಲಾಕ್, ಪಾದ್ರಿ ಫ್ರಾಂಕ್ ಚಿಕಾನೆಯವರ ಬಳಿ ಬಂದು, ಬಟ್ಟಲಿಗೆ ನೀರು ಹಾಕಿ ಅವರ ಪಾದ ತೊಳೆದರು. ಚಿಕಾನೆ ಕೈರೋಸ್ ಬಳಗದವರು. 1989ರಲ್ಲಿ ಭದ್ರತಾ ಪೊಲೀಸರು ಅವರ ಬಟ್ಟೆಗಳಿಗೆ ವಿಷ ಸವರಿದ್ದರು. ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ವ್ಲಾಕ್ ಅಕ್ಷರಶಃ ಮಾಡಿ ತೋರಿಸಿದರು. ಆ ಪಶ್ಚಾತ್ತಾಪವನ್ನು ಹಗುರವಾಗಿ ಕಾಣಲಾಗದು, ಚಿಕಾನೆ ಅದನ್ನು ಮನಸಾರೆ ಸ್ವೀಕರಿಸಿದರು. ಮರುವರ್ಷ ಆ ವಿಷದ ಪ್ರಕರಣದಲ್ಲಿ ವ್ಲಾಕ್ ತಪ್ಪೊಪ್ಪಿಕೊಂಡಾಗ ಸಿಕ್ಕಿದ್ದು ಹತ್ತು ವರ್ಷದ ಅಮಾನತು ಶಿಕ್ಷೆ. ಒಬ್ಬರೇ ಒಬ್ಬರ ಪಾದ ತೊಳೆಯಬಲ್ಲರು; ಕಸಿದುಕೊಂಡ ಮನೆ, ಹೊಲಗಳ ಲೆಕ್ಕವನ್ನು ಚುಕ್ತಾ ಮಾಡಲು ಇಡೀ ಸಮಾಜವೇ ಬೇಕು. ಆ ದಾರಿಯೂ ಸತ್ಯವೇದದಲ್ಲಿದೆ. ಸುಂಕದ ಜಕ್ಕಾಯ ಪಶ್ಚಾತ್ತಾಪಪಟ್ಟಾಗ, ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದ. ಪ್ರವಾದಿ ಪರಂಪರೆ ವಿಮೋಚನಕಾಂಡವನ್ನು ಓದಿದಷ್ಟು ಗಟ್ಟಿಯಾಗಿ ಜಕ್ಕಾಯನನ್ನು ಓದಲಿಲ್ಲ.

ಡಚ್ ರಿಫಾರ್ಮ್ಡ್ ಪರಂಪರೆಯಲ್ಲೇ ಬೇರೆಯಾಗಿದ್ದ ಕರಿಯರ ಚರ್ಚೂ ಮಿಶ್ರ ವರ್ಣದವರ ಚರ್ಚೂ 1994ರ ಏಪ್ರಿಲ್‌ನಲ್ಲಿ ಒಂದಾದವು. ಡಚ್ ರಿಫಾರ್ಮ್ಡ್ ಚರ್ಚು 1986ರಲ್ಲೇ ಸದಸ್ಯತ್ವವನ್ನು ಎಲ್ಲರಿಗೂ ತೆರೆಯಿತು, ಮುಂದೆ ವರ್ಣಭೇದವನ್ನು ಪಾಪವೆಂದು ಅರಿಕೆಮಾಡಿತು. ಆದರೂ ಅದನ್ನು ಒಳಗೊಂಡ ಐಕ್ಯದ ಮಾತುಕತೆ ಬೆಲ್ಹಾರ್ ಅರಿಕೆಯ ಬಳಿ ಬಂದು ಮತ್ತೆ ಮತ್ತೆ ನಿಂತಿದೆ. 2010ರ ದಶಕದಲ್ಲಿ ಅದನ್ನು ತನ್ನ ವಿಶ್ವಾಸದ ಅರಿಕೆಯಾಗಿ ಸ್ವೀಕರಿಸಲು ಈ ಚರ್ಚು ಮತಕ್ಕೆ ಹಾಕಿದಾಗ ಪ್ರಾದೇಶಿಕ ಸಭೆಗಳಲ್ಲಿ ಬೇಕಾದಷ್ಟು ಬೆಂಬಲ ಬರಲಿಲ್ಲ. ಒಂದಾಗಿ ಆರಾಧಿಸಬೇಕು ಎಂಬ ಮಾತಿಗೆ ಅಷ್ಟು ವಿರೋಧವಿರಲಿಲ್ಲ. ಬಹುಮಂದಿ ತಕರಾರು ತೆಗೆದದ್ದು ನಾಲ್ಕನೆಯ ವಿಧಿಗೆ. ದೇವರು ನಿರ್ಗತಿಕರ, ಬಡವರ, ಅನ್ಯಾಯಕ್ಕೊಳಗಾದವರ ದೇವರು, ಅದೂ ವಿಶೇಷವಾಗಿ ಅವರ ದೇವರು ಎಂದು ಅಲ್ಲಿ ಬರೆದಿದೆ.