ಗುಂಡಿನ ಹೊತ್ತು, ಅರ್ಜಿಯ ಕಾಲ

2013ರ ಫೆಬ್ರುವರಿಯಲ್ಲಿ ಎ.ಎಂ.ಆರ್. ರಮೇಶ್ ನಿರ್ದೇಶನದ ‘ಅಟ್ಟಹಾಸ’ ತೆರೆಗೆ ಬಂತು. ವೀರಪ್ಪನ್ ಪಾತ್ರದಲ್ಲಿ ಕಿಶೋರ್ ಇದ್ದರು. ಕೊನೆಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಜನ ಆ ಕೊನೆಯನ್ನು ನೋಡಲೆಂದೇ ಹೋದರು. ಅದೇ ತಿಂಗಳು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ನಾಲ್ವರು ಗಲ್ಲಿಗೆ ದಿನ ಎಣಿಸುತ್ತಿದ್ದರು. ಪಾಲಾರ್ ಸ್ಫೋಟ ಪ್ರಕರಣದಲ್ಲಿ ವೀರಪ್ಪನ್ ಸಹಚರರೆಂದು ಶಿಕ್ಷೆಯಾಗಿದ್ದ ಇವರ ಕ್ಷಮಾದಾನ ಅರ್ಜಿಯನ್ನು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಆಗಷ್ಟೇ ತಿರಸ್ಕರಿಸಿದ್ದರು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆ ಎರಡು ದಶಕಗಳ ಬಗ್ಗೆ ಬಂದ ಸಿನಿಮಾ, ಪುಸ್ತಕಗಳನ್ನು ನೋಡುವಾಗಲೆಲ್ಲ ಈ ಕಾಕತಾಳೀಯ ನನ್ನನ್ನು ಕಾಡುತ್ತದೆ. ನಮ್ಮ ಕಥನಗಳಿಗೆ ಎನ್‌ಕೌಂಟರಿನ ಹೊತ್ತು ಗೊತ್ತು, ಅರ್ಜಿಯ ಕಾಲ ಗೊತ್ತಿಲ್ಲ ಎಂಬುದು ನನ್ನ ತಕರಾರು. ನ್ಯಾಯದ ಪ್ರಶ್ನೆ ಇರುವುದು ಆ ಎರಡರ ನಡುವೆ.

ಮೊದಲು ಸಿನಿಮಾಗಳನ್ನೇ ನೋಡೋಣ. ‘ಅಟ್ಟಹಾಸ’ ತಕ್ಕಮಟ್ಟಿಗೆ ಘಟನೆಗಳಿಗೆ ಅಂಟಿಕೊಂಡೇ ನಡೆಯುತ್ತದೆ. 2016ರಲ್ಲಿ ಬಂದ ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ ಶಿವರಾಜ್‌ಕುಮಾರ್ ಪೊಲೀಸ್ ಅಧಿಕಾರಿಯಾಗಿದ್ದಾರೆ. ಅಲ್ಲಿ ಕಾಡು ಬೇಟೆಯ ಅಂಗಳ, ಊರಿನವರು ದಾರಿಯಲ್ಲಿ ಸಿಗುವ ಮುಖಗಳು. ಎರಡೂ ಚಿತ್ರಗಳಿಗೆ ಬೇಕಾದ ಕೊನೆ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಬಳಿಯ ಪಾಪರಪಟ್ಟಿಯಲ್ಲಿ ಸಿಕ್ಕಿಬಿಡುತ್ತದೆ. ಆಂಬುಲೆನ್ಸಿನಲ್ಲಿ ಬಂದ ವೀರಪ್ಪನ್ ಮತ್ತು ಅವನ ಮೂವರು ಸಂಗಡಿಗರು ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತರು. ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಪ್ರೇಕ್ಷಕ ಎದ್ದು ಮನೆಗೆ ಹೋಗಬಹುದು.

2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಸೆಲ್ವಮಣಿ ಸೆಲ್ವರಾಜ್ ನಿರ್ದೇಶನದ ನಾಲ್ಕು ಕಂತಿನ ‘ದಿ ಹಂಟ್ ಫಾರ್ ವೀರಪ್ಪನ್’ ಇವುಗಳಿಗಿಂತ ಪ್ರಾಮಾಣಿಕ. ಪೊಲೀಸರು, ಅರಣ್ಯ ಇಲಾಖೆಯವರು, ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ, ಎಲ್ಲರಿಗೂ ಅಲ್ಲಿ ಮಾತಿದೆ. ಕಾರ್ಯಪಡೆಯ ಹಿಂಸೆಯ ಮಾತೂ ಬರುತ್ತದೆ. ಆದರೆ ಹೆಸರೇ ಹೇಳುವಂತೆ ಅದೂ ಬೇಟೆಯ ಕತೆ. ಬೇಟೆ ಮುಗಿದಲ್ಲಿ ಅದೂ ಮುಗಿಯುತ್ತದೆ.

ಈ ಚಿತ್ರಗಳು ಸುಳ್ಳು ಹೇಳುತ್ತಿವೆ ಎಂದು ನಾನು ಹೇಳುತ್ತಿಲ್ಲ. ಸತ್ತವರ ಲೆಕ್ಕ ಸಣ್ಣದಲ್ಲ. 1991ರ ನವೆಂಬರಿನಲ್ಲಿ ಗೋಪಿನಾಥಂ ಬಳಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೊಲೆಯಾದರು. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿಯಾಗಿ ಪೊಲೀಸರು ಸತ್ತರು. ಅದೇ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಮಂದಿ ಸತ್ತರು. 2002ರಲ್ಲಿ ಕಾಮಗೆರೆಯಿಂದ ಅಪಹರಣವಾದ ಮಾಜಿ ಸಚಿವ ಎಚ್. ನಾಗಪ್ಪ ಹೆಣವಾಗಿ ಸಿಕ್ಕರು. ಇಷ್ಟು ಕಂಡ ಸೀಮೆಯ ಜನ ಎನ್‌ಕೌಂಟರಿನ ಸುದ್ದಿ ಕೇಳಿ ನಿಟ್ಟುಸಿರು ಬಿಟ್ಟರೆ ದೂರುವುದಕ್ಕೆ ನಾನು ಯಾರು?

ಆದರೆ ಈ ಕತೆಗೆ ಇನ್ನೊಂದು ಬಗೆಯ ಪಠ್ಯಗಳಿವೆ. ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಓದದ ಪಠ್ಯಗಳು: ನ್ಯಾಯಾಲಯದ ತೀರ್ಪುಗಳು. ಪಾಲಾರ್ ಮತ್ತಿತರ ಪ್ರಕರಣಗಳಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಹೇರಲಾಗಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ಸಾಕ್ಷ್ಯವಾಗಬಹುದಾದ, ಜಾಮೀನು ಸಿಗುವುದೇ ದುಸ್ತರವಾದ ಕಾಯ್ದೆ ಅದು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುತೇಕರು ಖುಲಾಸೆಯಾದರು. ಅಷ್ಟರಲ್ಲಿ ಅನೇಕರ ಎಂಟು ವರ್ಷ ಜೈಲಿನಲ್ಲಿ ಕಳೆದಿತ್ತು. ಖುಲಾಸೆ ಎಂಬ ಮೂರಕ್ಷರಕ್ಕೆ ಆ ಎಂಟು ವರ್ಷವನ್ನು ಹಿಂದಿರುಗಿಸುವ ಶಕ್ತಿ ಇಲ್ಲ.

ಮುಂದೆ ಹೇಳಿದ ನಾಲ್ವರಿಗೆ ಆ ನ್ಯಾಯಾಲಯ ಕೊಟ್ಟದ್ದು ಜೀವಾವಧಿ. ಶಿಕ್ಷೆಯ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯ ತಾನಾಗಿಯೇ ನೋಟಿಸ್ ಕೊಟ್ಟು, 2004ರ ಜನವರಿ 29ರಂದು ಶಿಕ್ಷೆಯನ್ನು ಗಲ್ಲಿಗೆ ಏರಿಸಿತು. ಬಿಡುಗಡೆ ಕೇಳಲು ಹೋದವರಿಗೆ ಸಾವು ಸಿಕ್ಕಿತು. ಆಮೇಲೆ ಸಂವಿಧಾನದ 72ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಗೆ ಅರ್ಜಿ. ಅಬ್ದುಲ್ ಕಲಾಂ ಅವರ ಕಾಲ ಮುಗಿಯಿತು, ಪ್ರತಿಭಾ ಪಾಟೀಲ್ ಅವರ ಕಾಲ ಮುಗಿಯಿತು, ಪ್ರಣವ್ ಮುಖರ್ಜಿ ಬಂದರು. ಸುಮಾರು ಒಂಬತ್ತು ವರ್ಷ. ಅದೇ 2004ರ ಕೊನೆಗೆ ವೀರಪ್ಪನ್ ಸತ್ತಿದ್ದ. ಅವನ ಹೆಸರಿನಲ್ಲಿ ಶಿಕ್ಷೆ ಹೊತ್ತವರು ಅವನ ಬಳಿಕವೂ ಪ್ರತಿ ಬೆಳಗ್ಗೆ ಇವತ್ತಾ, ನಾಳೆಯಾ ಎಂದು ಎದ್ದರು.

2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಈ ನಾಲ್ವರೂ ಸೇರಿ 15 ಮಂದಿಯ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕಾರಣವಿಲ್ಲದ ವಿಳಂಬವೇ ಹಿಂಸೆ, ಕ್ಷಮಾದಾನವು ದೊರೆಯ ಕೃಪೆಯಲ್ಲ, ಸಂವಿಧಾನದ ಹೊಣೆ ಎಂಬುದು ಅದರ ತಿರುಳು. ಭಯೋತ್ಪಾದನೆಯ ಪ್ರಕರಣಗಳಿಗೆ ವಿಳಂಬದ ವಾದ ಅನ್ವಯಿಸದು ಎಂದು 2013ರಲ್ಲಿ ಭುಲ್ಲರ್ ಪ್ರಕರಣದಲ್ಲಿ ಹೇಳಲಾಗಿತ್ತು. ಅದನ್ನು ಒಪ್ಪದಿದ್ದುದರಿಂದಲೇ ಟಾಡಾ ಕೈದಿಗಳಾದ ಈ ನಾಲ್ವರು ಉಳಿದರು. ಈ ತೀರ್ಪನ್ನು ಕಥನವಾಗಿ ಓದಿದಾಗ ನನ್ನ ಗಮನ ಸೆಳೆದದ್ದು ಅದರ ತಾರೀಖುಗಳು. ಕಡತ ಯಾವ ದಿನ ಯಾವ ಮೇಜಿಗೆ ಹೋಯಿತು, ಎಷ್ಟು ಕಾಲ ಅಲ್ಲೇ ಇತ್ತು ಎಂದು ಒಬ್ಬೊಬ್ಬರ ವಿಷಯದಲ್ಲೂ ಅದು ಎಣಿಸುತ್ತದೆ. ಕಾಯುವುದು ಒಂದು ಘಟನೆ ಎಂದು ನಮ್ಮ ಯಾವ ಸಿನಿಮಾವೂ ಒಪ್ಪಿಲ್ಲ. ಇಲ್ಲಿ ಒಂದು ತೀರ್ಪು ಒಪ್ಪಿದೆ.

ಅದೇ ವರ್ಷ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರ್ ಸಾವುಗಳಿಗೆ 16 ಮಾರ್ಗಸೂಚಿ ಕೊಟ್ಟಿತು. ಎಫ್‌ಐಆರ್ ಆಗಬೇಕು, ಸ್ವತಂತ್ರ ತನಿಖೆ ಆಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಘಟನೆಯ ಬೆನ್ನಿಗೇ ಬಡ್ತಿ ಬಹುಮಾನ ಕೊಡಕೂಡದು. ಪಾಪರಪಟ್ಟಿಯ ಬೆನ್ನಿಗೆ ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ಹಣ, ನಿವೇಶನ, ಬಡ್ತಿ ಘೋಷಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜನವರಿಯ ತೀರ್ಪು ‘ಇಷ್ಟು ತಡವೇಕೆ’ ಎಂದು ಕೇಳಿದರೆ, ಸೆಪ್ಟೆಂಬರಿನದು ‘ಇಷ್ಟು ಬೇಗ ಹೇಗೆ’ ಎಂದು ಕೇಳುತ್ತದೆ. ಎರಡೂ ಪ್ರಭುತ್ವದಿಂದ ಕೇಳುವುದು ಲೆಕ್ಕವನ್ನೇ.

ಇನ್ನು ಎನ್‌ಕೌಂಟರಿಗೂ ಸಿಕ್ಕದ, ಕ್ಷಮಾದಾನದ ಅರ್ಜಿಯವರೆಗೂ ಹೋಗದ ಮೂರನೆಯ ಗುಂಪೊಂದಿದೆ. ಶಂಕೆಯ ಮೇಲೆ ಎಳೆದೊಯ್ಯಲ್ಪಟ್ಟ ಕಾಡಂಚಿನ ಜನ. ಮಲೆ ಮಹದೇಶ್ವರ ಬೆಟ್ಟದಲ್ಲಿ ಕಾರ್ಯಪಡೆ ನಡೆಸುತ್ತಿದ್ದ ‘ವರ್ಕ್‌ಶಾಪ್’ ಎಂಬ ಜಾಗದ ಹೆಸರು ಕೇಳಿದರೆ ನಡುಗುವವರು ಇದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಅವರು ಬಂದು ಹೇಳಿದರು. ಅದರ ಫಲವಾಗಿ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಸೂಚಿಸಿತು.

ಈ ಜನರ ಕಾದಂಬರಿ ಬಂದದ್ದು ತಮಿಳಿನಲ್ಲಿ. ವಕೀಲರೂ ಆದ ಎಸ್. ಬಾಲಮುರುಗನ್ ಬರೆದ ‘ಸೋಳಗರ್ ತೊಟ್ಟಿ’ ಪ್ರಕಟವಾದದ್ದು ಅದೇ 2004ರಲ್ಲಿ. ನಮ್ಮಲ್ಲಿ ಸೋಲಿಗರು, ಗಡಿಯಾಚೆ ಸೋಳಗರು. ಕಾದಂಬರಿ ಮೊದಲು ಅವರ ಹಾಡು, ಬೇಸಾಯ, ದೇವರು, ಭೂಮಿ ಕಳೆದುಕೊಂಡ ಸಂಕಟವನ್ನು ನಿಧಾನವಾಗಿ ಕಟ್ಟುತ್ತದೆ. ಪೊಲೀಸರು ಬರುವುದು ಆಮೇಲೆ. ಹೀಗಾಗಿ ಹಿಂಸೆಗೆ ಒಳಗಾಗುವವರು ಓದುಗನಿಗೆ ಆಗಲೇ ನೆಂಟರಾಗಿರುತ್ತಾರೆ. ಇದು ಸರಳ ಉಪಾಯ. ಆದರೆ ಸಿನಿಮಾಗಳು ಇದನ್ನು ಮಾಡಲಾರವು. ಅವುಗಳಲ್ಲಿ ಕಾಡಿನ ಜನ ಕಾಣಿಸಿಕೊಳ್ಳುವುದೇ ಮಾಹಿತಿದಾರರಾಗಿ ಇಲ್ಲವೇ ಶಂಕಿತರಾಗಿ.

ಕನ್ನಡಕ್ಕೆ ಇದರ ಅಳತೆಗೋಲು ಇಲ್ಲವೆಂದಲ್ಲ. ಇದೇ ಬೆಟ್ಟದ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಕತೆ ಇದೆ. ಗಂಡ ನೀಲೇಗೌಡ ಬೇಟೆಗೆ ಹೊರಡುವ ಮುನ್ನ ಬಲಗೈ ಭಾಷೆ ಕೇಳುತ್ತಾನೆ. ತಪ್ಪೇ ಮಾಡದ ತಾನು ಭಾಷೆ ಏಕೆ ಕೊಡಲಿ ಎಂದು ಅವಳು ಒಪ್ಪುವುದಿಲ್ಲ. ಅವನು ಚಿತ್ರಹಿಂಸೆ ಕೊಡುತ್ತಾನೆ. ಕಂಸಾಳೆಯವರು ಈ ಭಾಗವನ್ನು ಹಾಡುವಾಗ ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಶಂಕೆಯೇ ಶಿಕ್ಷೆಯಾಗುವುದು ಎಷ್ಟು ಅನ್ಯಾಯವೆಂದು ಈ ಸೀಮೆಗೆ ತಲೆಮಾರುಗಳಿಂದ ಗೊತ್ತು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ ಹನೂರಿನ ಕಾಡಂಚಿನವರೆಗೆ ಸಂಕಮ್ಮ ಅಪರಿಚಿತಳಲ್ಲ. ಅವಳ ಕತೆ ಬಲ್ಲ ನಾವು 1993ರ ನಂತರದ ಸಂಕಮ್ಮಂದಿರನ್ನು ಕನ್ನಡದಲ್ಲಿ ಸರಿಯಾಗಿ ಬರೆದಿಲ್ಲ.

ಹಾಗಾದರೆ ಸತ್ತ ಪೊಲೀಸರ ಮನೆಯವರಿಗೇನು ಎಂದು ಕೇಳಬಹುದು. ಕೇಳಬೇಕು ಕೂಡ. ಉತ್ತರಕ್ಕೆ ನಾನು ಮತ್ತೆ ಒಂದು ತೀರ್ಪಿಗೇ ಹೋಗುತ್ತೇನೆ. 2000ದ ಜುಲೈ 30ರಂದು ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಮೈಸೂರು ಜೈಲಿನ 51 ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಸರ್ಕಾರ ಮೊಕದ್ದಮೆ ಹಿಂತೆಗೆಯಲು ಮುಂದಾಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ನಾಡೆಲ್ಲ ರಾಜ್‌ಕುಮಾರ್ ಒಮ್ಮೆ ಮನೆಗೆ ಬಂದರೆ ಸಾಕು ಎಂದು ಹರಕೆ ಹೊತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಒಬ್ಬ ಮುದುಕ ಹೀಗೆ ನಿಲ್ಲುವುದು ಸುಲಭವಲ್ಲ. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು.

ಅವರು ಗುಂಡು ಕೇಳಲಿಲ್ಲ, ವಿಚಾರಣೆ ನಡೆಯಲಿ ಎಂದರು. ವಿಚಾರಣೆ ನಡೆಯಿತು. ಅದರಲ್ಲಿ ಬಹುತೇಕರು ಖುಲಾಸೆಯೂ ಆದರು. ಮಗನನ್ನು ಕಳೆದುಕೊಂಡ ತಂದೆಯ ಹಟದಿಂದ ನಡೆದ ವಿಚಾರಣೆಯೇ ಆ ಬಡವರನ್ನು ನಿರಪರಾಧಿಗಳೆಂದು ಘೋಷಿಸಿತು. ಒತ್ತೆಯ ವ್ಯಾಪಾರದಲ್ಲಿ ಬಿಟ್ಟಿದ್ದರೆ ಅವರು ಸಾಯುವವರೆಗೂ ವೀರಪ್ಪನ್ ಕಡೆಯವರಾಗಿಯೇ ಉಳಿಯುತ್ತಿದ್ದರು. ಇದನ್ನು ನಾಟಕವಾಗಿಯೋ ಕಾದಂಬರಿಯಾಗಿಯೋ ಬರೆಯಬಲ್ಲವರಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೇ?

ಆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದು, 2022ರ ಕೊನೆಯಲ್ಲಿ ಸುಪ್ರೀಂ ಕೋರ್ಟು ಮಾನವೀಯತೆಯ ಮೇಲೆ ಜಾಮೀನು ಕೊಟ್ಟಿತು. ಸುಮಾರು 29 ವರ್ಷದ ನಂತರ ಅವರು ಹನೂರು ಕಡೆಯ ತಮ್ಮ ಊರಿಗೆ ಬಂದರು. ವೀರಪ್ಪನ್ ಸತ್ತು ಆಗ 18 ವರ್ಷ. ಕನ್ನಡದಲ್ಲಿ ಬರಬೇಕಾದ ಪುಸ್ತಕ ಆ ಬಸ್‌ಸ್ಟ್ಯಾಂಡಿನಿಂದ ಆ ಮನೆಯವರೆಗಿನ ದಾರಿಯಿಂದ ಶುರುವಾಗಬಹುದು.