ಹಳೆಯ ತೋಳಿಗೆ ಹೊಸ ಕಂಟ್ರೋಲರ್

ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಳೆಯ ಪಲ್ಪರ್‌ಗೆ ಹೊಸ ಮೋಟಾರ್ ಕೂರಿಸುವುದು ಯಾರಿಗೂ ವಿಶೇಷವಲ್ಲ. ಆಯಿಲ್ ಎಂಜಿನ್ ಇದ್ದ ಜಾಗಕ್ಕೆ ಕರೆಂಟ್ ಮೋಟಾರ್ ತಂದು ಬೆಲ್ಟ್ ಹಾಕಿದರೆ ಸಾಕು, ಯಂತ್ರ ಮತ್ತೆ ಹಣ್ಣು ಸುಲಿಯುತ್ತದೆ. ಇದೇ ಹೆದ್ದಾರಿ ಹಿಡಿದು ಬೆಂಗಳೂರಿನ ಕಡೆ ಹೋದರೆ ಸಿಗುವ ಪೀಣ್ಯದಲ್ಲಿ ಕಂಪ್ಯೂಟರ್ ನಡೆಸುವ ಹಳೆಯ ಸಿಎನ್‌ಸಿ ಯಂತ್ರಗಳಿಗೆ ಹೊಸ ಕಂಟ್ರೋಲರ್ ಹಾಕುವ ‘ರೆಟ್ರೋಫಿಟ್’ ಒಂದು ಕಸುಬೇ ಆಗಿದೆ. ಕೈಗಾರಿಕಾ ರೋಬೋವನ್ನೂ ಹೀಗೆಯೇ ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಲೂಬೇಕು. ಆದರೆ ಪಲ್ಪರ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಮೆರಿಕದ ಯುನಿಮೇಷನ್ ಕಂಪನಿಯ ಪ್ಯೂಮಾ 560 ಎಂಬ ಆರು ಕೀಲುಗಳ ತೋಳನ್ನೇ ನೋಡಿ. ಅದರ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಎಲ್‌ಎಸ್‌ಐ-11 ಕಂಪ್ಯೂಟರ್, ಕೀಲಿಗೊಂದರಂತೆ 6503 ಮೈಕ್ರೊಪ್ರೊಸೆಸರ್, ಕೆಲಸ ಹೇಳಲು ‘ವಾಲ್’ ಎಂಬ ಭಾಷೆ. ಕಾಲಕಾಲಕ್ಕೆ ಗ್ರೀಸ್ ಹಾಕುತ್ತಾ ಬಂದರೆ ಗೇರು, ಬೇರಿಂಗುಗಳು ದಶಕಗಟ್ಟಲೆ ಬಾಳುತ್ತವೆ. ಬೋರ್ಡಿನ ಕೆಪಾಸಿಟರ್‌ಗಳು ಅಷ್ಟು ಬಾಳುವುದಿಲ್ಲ, ಚಿಪ್ ಸುಟ್ಟರೆ ಹೊಸದು ಸಿಗುವುದಿಲ್ಲ. ಗಟ್ಟಿಮುಟ್ಟಾದ ತೋಳು ಆ ಒಂದೇ ಕಾರಣಕ್ಕೆ ಗುಜರಿಗೆ ಹೋಗುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ.

ಆದರೆ ಆ ಸತ್ತ ಪೆಟ್ಟಿಗೆಗೆ ಗೊತ್ತಿದ್ದುದು ಬಹಳ. ಪ್ಯೂಮಾದ ಮಣಿಕಟ್ಟಿನ ಮೂರು ಕೀಲುಗಳು ಗೇರುಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ತಿರುಗಿಸಿದರೆ ಇನ್ನೊಂದೂ ಅಲುಗುತ್ತದೆ. ಆ ಅಲುಗಾಟವನ್ನು ಕಳೆಯುವ ಲೆಕ್ಕವನ್ನು ಕಂಟ್ರೋಲರೇ ಮಾಡಬೇಕು. ಕರೆಂಟ್ ಬಂದಾಗ ತೋಳು ಎಲ್ಲಿದೆ ಎಂಬುದನ್ನು ಪೊಟೆನ್ಷಿಯೋಮೀಟರ್ ಅಂದಾಜಾಗಿ ಹೇಳುತ್ತದೆ, ಎನ್‌ಕೋಡರ್‌ನ ಸೂಚಕ ಗುರುತು ಅದನ್ನು ನಿಖರಗೊಳಿಸುತ್ತದೆ. ಮೊದಲ ಮೂರು ಕೀಲುಗಳಿಗೆ ಬ್ರೇಕುಗಳಿವೆ. ಮೋಟಾರ್‌ಗೆ ಹಿಡಿತ ಬರುವ ಮೊದಲೇ ಬ್ರೇಕ್ ಸಡಿಲಿಸಿದರೆ ತೋಳು ತನ್ನ ಭಾರಕ್ಕೆ ಕುಸಿಯುತ್ತದೆ, ಕೆಳಗೆ ಯಾರ ಕೈ ಇದೆ ಎಂದು ಅದು ನೋಡುವುದಿಲ್ಲ. ಇದನ್ನೆಲ್ಲ ಅರಿಯದೆ ಹೊಸ ಡ್ರೈವ್ ಜೋಡಿಸಿ, ತೋಳು ಅಲುಗಿದ್ದನ್ನೇ ಗೆಲುವು ಎಂದು ವಿಡಿಯೊ ತೋರಿಸುವ ರೆಟ್ರೋಫಿಟ್‌ಗಳನ್ನು ನಾನು ಒಪ್ಪುವುದಿಲ್ಲ. ಈ ತೋಳು ಹೊಸದಾಗಿದ್ದಾಗ ಅದೇ ಬಿಂದುವಿಗೆ ಮತ್ತೆ ಮತ್ತೆ ±0.1 ಮಿಲಿಮೀಟರ್ ಒಳಗೆ ಮರಳುತ್ತಿತ್ತು. ಡಯಲ್ ಗೇಜ್ ಇಟ್ಟು ಈಗ ಎಷ್ಟು ಬರುತ್ತಿದೆ ಎಂದು ತೋರಿಸಿದರೆ ಮಾತ್ರ ಕೆಲಸ ಮುಗಿದಂತೆ. ಎಮರ್ಜೆನ್ಸಿ ಬಟನ್ ಒತ್ತಿದಾಗ ಮೋಟಾರ್‌ನ ಕರೆಂಟ್ ರಿಲೇಯಿಂದಲೇ ಕಡಿದುಹೋಗಬೇಕು. ಅದನ್ನು ಬರೀ ಸಾಫ್ಟ್‌ವೇರ್ ಕೈಗೆ ಬಿಡುವುದಕ್ಕೆ ಕ್ಷಮೆಯಿಲ್ಲ.

ಯಾವ ಕಂಟ್ರೋಲರ್ ಹಾಕಬೇಕು? ಲಿನಕ್ಸ್‌ಸಿಎನ್‌ಸಿ ನನಗೆ ಹೆಚ್ಚು ಒಪ್ಪಿಗೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 1990ರ ದಶಕದಲ್ಲಿ ನಡೆಸಿದ ಯೋಜನೆಯೊಂದರಿಂದ ಬೆಳೆದ ಮುಕ್ತ ತಂತ್ರಾಂಶ ಅದು. ಪ್ಯೂಮಾ ಮಾದರಿಯ ತೋಳಿನ ಕೀಲುಗಳ ಗಣಿತ ಅದರೊಳಗೇ ಇದೆ. ಕೋಡ್ ತೆರೆದು ಓದಬಹುದು, ತಿದ್ದಬಹುದು. ಹಳೆಯ ಮುಚ್ಚಿದ ಪೆಟ್ಟಿಗೆ ತೆಗೆದು ಇನ್ನೊಂದು ಮುಚ್ಚಿದ ಪೆಟ್ಟಿಗೆ ತಂದರೆ ಇದೇ ಸಂಕಟ ಮುಂದೊಂದು ದಿನ ಮರಳುತ್ತದೆ. ಒಂದು ಗಂಟೆ ನಿಂತರೂ ನಷ್ಟವಾಗುವ ಕಾರ್ಖಾನೆಯವರು ಸರ್ವಿಸ್ ಭರವಸೆಗಾಗಿ ಕಂಪನಿಯ ಕಂಟ್ರೋಲರ್ ಕೊಂಡರೆ ಅದರಲ್ಲಿ ತಪ್ಪಿಲ್ಲ. ಸಣ್ಣ ವರ್ಕ್‌ಶಾಪಿಗೆ, ಕಾಲೇಜಿನ ಪ್ರಯೋಗಾಲಯಕ್ಕೆ ಆ ಖರ್ಚು ಬೇಡ.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ನಡೆಯುತ್ತಿದೆ. ಅಂಥ ಕಾಲೇಜುಗಳ ಕೊನೆಯ ವರ್ಷದ ಮಕ್ಕಳಿಗೆ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂರನ್ನೂ ಒಟ್ಟಿಗೆ ಕಲಿಸಲು ಇಂಥ ರೆಟ್ರೋಫಿಟ್‌ಗಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತೋಚುತ್ತಿಲ್ಲ. ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಅವರು ಪ್ರತಿ ತಂತಿಗೂ ಗುರುತು ಕಟ್ಟಲಿ, ಗೇರ್ ಅನುಪಾತ, ಎನ್‌ಕೋಡರ್ ಎಣಿಕೆ, ಬ್ರೇಕ್‌ನ ವೋಲ್ಟೇಜ್ ಎಲ್ಲವನ್ನೂ ಅಳೆದು ಕನ್ನಡದಲ್ಲೇ ಬರೆದು ಯಂತ್ರದ ಪಕ್ಕದಲ್ಲೇ ಇಡಲಿ. ಬಿಚ್ಚಿದ ಹಳೆಯ ಬೋರ್ಡುಗಳನ್ನೂ ಎಸೆಯುವುದು ಬೇಡ. ಬೇರೆಲ್ಲೋ ಕೆಟ್ಟು ನಿಂತ ಇನ್ನೊಂದು ಪ್ಯೂಮಾಕ್ಕೆ ಅವು ಬೇಕಾಗಬಹುದು.