ಗೆರೆ ಬಾಗಿಸದ ಬಯೋಗಾನ್

ಅತಿ ಅಗಲ ಕೋನದ ಮಸೂರವನ್ನು ಅಳೆಯುವಾಗ ನಾನು ಮೊದಲು ನೋಡುವುದು ಚಿತ್ರದ ಅಂಚನ್ನು. ನಡುಭಾಗವನ್ನು ಚೂಪಾಗಿ ಮೂಡಿಸುವ ಮಸೂರಗಳು ಬೇಕಾದಷ್ಟಿವೆ. ಅಂಚಿನ ಕಂಬವನ್ನೂ ನೆಟ್ಟಗೆ ನಿಲ್ಲಿಸುವವು ಅಪರೂಪ. ಝೈಸ್‌ನ 38 ಮಿ.ಮೀ. ಎಫ್/4.5 ಬಯೋಗಾನ್ ಆ ಅಪರೂಪದ ಸಾಲಿನದು.

ಲುಡ್ವಿಗ್ ಬರ್ಟೆಲೆ ರೂಪಿಸಿದ ಈ ಮಸೂರಕ್ಕೆಂದೇ ಹ್ಯಾಸಲ್‌ಬ್ಲಾಡ್ 1954ರಲ್ಲಿ ಬೇರೆಯದೇ ಕ್ಯಾಮೆರಾ ಹೊರತಂದಿತು. ಮಸೂರದ ಹಿಂಬದಿಯ ಗಾಜು ಫಿಲ್ಮಿನ ಹತ್ತಿರಕ್ಕೇ ಬಂದು ಕೂರುವುದರಿಂದ ರಿಫ್ಲೆಕ್ಸ್ ಕನ್ನಡಿಗೆ ಜಾಗವೇ ಉಳಿಯುವುದಿಲ್ಲ. ಕನ್ನಡಿಗಾಗಿ ಮಸೂರವನ್ನು ಬಗ್ಗಿಸದೆ, ಮಸೂರಕ್ಕಾಗಿ ಕನ್ನಡಿಯನ್ನೇ ಬಿಟ್ಟರು. ಎಂಥ ಸರಿಯಾದ ನಿರ್ಧಾರ! ಮುಂದಿನ ಮತ್ತು ಹಿಂದಿನ ಗಾಜುಗಳು ಹೆಚ್ಚುಕಡಿಮೆ ಸಮರೂಪವಾಗಿದ್ದು, ಒಂದರ ವಕ್ರತೆಯನ್ನು ಇನ್ನೊಂದು ಸರಿದೂಗಿಸುತ್ತದೆ. 6×6 ಚೌಕದಲ್ಲಿ ಕರ್ಣದುದ್ದಕ್ಕೆ 90 ಡಿಗ್ರಿ ನೋಟ, ಆದರೂ ಗೋಡೆ ಗೋಡೆಯಾಗಿಯೇ ಉಳಿಯುತ್ತದೆ.

ಬೆಲೆ ತೆರಲೇಬೇಕು. ಮೂಲೆಗಳು ತುಸು ಕಪ್ಪಾಗುತ್ತವೆ. ಮೇಲಿಟ್ಟ ವ್ಯೂಫೈಂಡರ್‌ನಲ್ಲಿ ಫೋಕಸ್ ಕಾಣದು. ದೂರವನ್ನು ಅಂದಾಜಿಸಿ ಉಂಗುರ ತಿರುಗಿಸಬೇಕು. ಎಫ್/16ಕ್ಕೆ ಇಟ್ಟರೆ ಒಂದು ಮೀಟರಿಗಿಂತ ಹತ್ತಿರದಿಂದ ಅನಂತದವರೆಗೆ ಸ್ಪಷ್ಟತೆ ಸಿಗುತ್ತದೆ. ನೀರ್ಮಟ್ಟದ ಗುಳ್ಳೆಯನ್ನು ಮಾತ್ರ ಮರೆಯಬಾರದು, ಕ್ಯಾಮೆರಾ ಕೊಂಚ ಓರೆಯಾದರೂ ಕಟ್ಟಡ ವಾಲುತ್ತದೆ.

ದಶಕಗಳ ಕಾಲ ಲೈಕಾ ಹಿಡಿದಿದ್ದ ಛಾಯಾಗ್ರಾಹಕ ಲೀ ಫ್ರೀಡ್‌ಲ್ಯಾಂಡರ್ 1990ರ ದಶಕದಲ್ಲಿ ಅಮೆರಿಕದ ಮರುಭೂಮಿಯ ಮುಳ್ಳುಪೊದೆಗಳನ್ನು ಚಿತ್ರಿಸಲು ಆರಿಸಿಕೊಂಡದ್ದು ಇದನ್ನೇ. ಕಟ್ಟಡ, ಒಳಾಂಗಣ, ನೆಲದೃಶ್ಯಗಳನ್ನು ಫಿಲ್ಮಿನಲ್ಲಿ ತೆಗೆಯುವವರಿಗೆ ಮೀಡಿಯಂ ಫಾರ್ಮ್ಯಾಟ್‌ನಲ್ಲಿ ನನ್ನ ಮೊದಲ ಆಯ್ಕೆ ಇಂದಿಗೂ ಬಯೋಗಾನ್.